ಎಡಗಾಲೋ ಬಲಗಾಲೋ

ಹೊಳೆದಂಡೆಯ ಆಶ್ರಮದಲ್ಲಿ ಮರುಳಸಿದ್ದ ಎಂಬ ಶಿಷ್ಯನಿದ್ದ. ಹಸು ಈಯಲು ಕಷ್ಟಪಟ್ಟರೆ ಸುತ್ತಲಿನ ಊರಿನವರು ಅವನನ್ನೇ ಕರೆಯುತ್ತಿದ್ದರು. ಪಶುವೈದ್ಯ ಕಾಲೇಜು ಸೇರಬೇಕೆಂಬುದು ಅವನ ಆಸೆ. ಬೇರೆ ಆಸೆಯೇ ಇರಲಿಲ್ಲ.

ಕಾಲೇಜಿನವರು ಅರ್ಜಿಯ ಜೊತೆ ಎರಡು ಪುಟದ ಪ್ರಬಂಧ ಕೇಳಿದ್ದರು: ನೀವು ಇಲ್ಲಿ ಏಕೆ ಓದಬೇಕು? ಆಶ್ರಮದ ಹಸುವಿನ ಹೊಟ್ಟೆಯಲ್ಲಿ ಕಾಲು ಮಡಚಿಕೊಂಡು ಸಿಕ್ಕಿಬಿದ್ದಿದ್ದ ಕರುವನ್ನು ತಾನು ಹೊರಗೆ ತಂದದ್ದನ್ನು ಸಿದ್ದ ಬರೆದ. ಚೆನ್ನಾಗಿಯೇ ಬರೆದ. ಅಂಚೆಗೆ ಹಾಕಿಯೂ ಬಂದ.

ಮೂರನೆಯ ದಿನ ಸಪ್ಪೆ ಮುಖ ಹೊತ್ತು ಗುರುಗಳ ಮುಂದೆ ನಿಂತ.

"ಗುರುಗಳೇ, ತಪ್ಪಾಗಿಹೋಯಿತು. ಮೊದಲ ಪುಟದಲ್ಲಿ ಕರುವಿನ ಬಲಗಾಲು ಮಡಚಿತ್ತು ಅಂತ ಬರೆದೆ. ಎರಡನೇ ಪುಟದಲ್ಲಿ ಎಡಗಾಲು ಬಿಡಿಸಿದೆ ಅಂತ ಬರೆದುಬಿಟ್ಟೆ."

"ಕರು ಹೇಗಿದೆ?"

"ಕರುವಿಗೇನು! ನಿನ್ನೆ ನಿಮ್ಮ ಪಂಚೆ ತಿಂದಿತಲ್ಲ, ಅದೇ."

"ಹಾಗಾದರೆ ನಾಲ್ಕು ಕಾಲೂ ಸರಿಯಾಗಿವೆ."

"ತಮಾಷೆಯಲ್ಲ, ಗುರುಗಳೇ. ಓದುವವರು ದೊಡ್ಡ ಡಾಕ್ಟರುಗಳು. ಇವನು ಕರು ಮುಟ್ಟಿದವನೇ ಅಲ್ಲ, ಕಥೆ ಕಟ್ಟಿದ್ದಾನೆ ಅಂದುಬಿಟ್ಟರೆ? ನನ್ನ ಸೀಟು ಹೋದ ಹಾಗೇ."

"ಏನು ಮಾಡಬೇಕು ಅಂತಿದ್ದೀಯ?"

"ತಪ್ಪೊಪ್ಪಿಕೊಂಡು ಒಂದು ಪತ್ರ ಬರೆಯುತ್ತೇನೆ."

"ಬರಿ."

ಸಿದ್ದ ಜಗಲಿಯ ಮೇಲೆ ಕುಳಿತ. ಬರೆದ, ಹರಿದ. ಕ್ಷಮೆ ಕೇಳಿದ್ದು ಹೆಚ್ಚಾಯಿತೆನಿಸಿತು. ಮತ್ತೆ ಬರೆದ, ಕಡಿಮೆಯಾಯಿತೆನಿಸಿ ಅದನ್ನೂ ಹರಿದ. ಮಧ್ಯಾಹ್ನದ ಹೊತ್ತಿಗೆ ಪತ್ರ ಪ್ರಬಂಧಕ್ಕಿಂತ ಉದ್ದವಾಗಿತ್ತು, ಇನ್ನೂ ಮುಗಿದಿರಲಿಲ್ಲ.

ಅಷ್ಟರಲ್ಲಿ ಹೊಳೆಯಾಚೆಯ ಊರಿನ ಕೆಂಪಮ್ಮ ಏದುಸಿರು ಬಿಡುತ್ತಾ ಬಂದಳು.

"ಸಿದ್ದಪ್ಪಾ, ನಮ್ಮ ಹಸ ಬೆಳಗ್ಗೆಯಿಂದ ತಿಣುಕ್ತಾ ಅದೆ, ಕರು ಮಾತ್ರ ಬರ್ತಾ ಇಲ್ಲ. ಬೇಗ ಬಾ ಮಗ!"

ಸಿದ್ದ ಎದ್ದ. ಗುರುಗಳು ಅಂದರು: "ಮೊದಲು ಪತ್ರ ಮುಗಿಸಪ್ಪ."

"ಪತ್ರ ಎಲ್ಲಿಗೆ ಹೋಗುತ್ತೆ, ಗುರುಗಳೇ!"

ಎಣ್ಣೆ ಗಿಂಡಿ ಎತ್ತಿಕೊಂಡು ತೆಪ್ಪದ ಕಡೆ ಓಡಿದ. ಜಗಲಿಯ ಮೇಲಿನ ಹಾಳೆಗಳಿಗೆ ಆಶ್ರಮದ ಕರು ಬಾಯಿ ಹಾಕಿತು. ಗುರುಗಳು ಅದನ್ನು ಓಡಿಸಲಿಲ್ಲ.

ಹೊತ್ತು ಇಳಿಯುವಾಗ ಸಿದ್ದ ಮರಳಿ ಬಂದ. ತೋಳಿನವರೆಗೂ ಎಣ್ಣೆ, ಅಂಗಿಯ ಮೇಲೆ ರಕ್ತ, ಕೈಯಲ್ಲಿ ಕೆಂಪಮ್ಮ ಕೊಟ್ಟ ಗಿಣ್ಣುಹಾಲಿನ ಚೊಂಬು. ಬೆಳಗಿನ ಸಪ್ಪೆ ಮುಖ ಎಲ್ಲೋ ಹೊಳೆಯ ಪಾಲಾಗಿತ್ತು.

"ಹೆಣ್ಣು ಕರು, ಗುರುಗಳೇ! ಕಾಲು ಮಡಚಿಕೊಂಡಿತ್ತು. ಹಸು ತಿಣುಕುವುದು ನಿಲ್ಲಿಸುವ ತನಕ ಕಾದೆ. ಆಮೇಲೆ ಕರುವನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾಲು ಬಿಡಿಸಿದೆ. ಗೊರಸು ತಾಗಿದರೆ ಗರ್ಭಚೀಲ ಹರಿಯುತ್ತೆ ನೋಡಿ. ಈಗ ತಾಯಿ ಕರುವನ್ನು ನೆಕ್ಕುತ್ತಾ ನಿಂತಿದೆ."

"ಯಾವ ಕಾಲು?"

ಸಿದ್ದ ಬಾಯಿ ತೆರೆದ. ಒಂದು ಕೈ ನೋಡಿಕೊಂಡ, ಇನ್ನೊಂದು ಕೈ ನೋಡಿಕೊಂಡ. ಕೊನೆಗೆ ನಕ್ಕುಬಿಟ್ಟ.

"ಅದಕ್ಕೆ ಲಕ್ಷ್ಯ ಕೊಡಲಿಲ್ಲ, ಗುರುಗಳೇ. ಮಡಚಿತ್ತು, ಬಿಡಿಸಿದೆ."

ಗುರುಗಳು ಅವನ ಕೈಯಿಂದ ಚೊಂಬು ಇಸಿದುಕೊಂಡರು.

"ಕಾಲೇಜಿನವರು ಕರೆದು ಕೇಳಿದರೆ, ಹೀಗೇ ಹೇಳು."