ಹತ್ತು ಬೆರಳಿನ ಗಾಯ

ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಮಠ ಸೇರಿದ್ದ ಅಡಿವೆಪ್ಪ ಒಂದು ದಿನ ಗುರುಗಳನ್ನು ಕೇಳಿದ:

“ಗುರುಗಳೇ, ತಿಂಗಳಿಗೊಮ್ಮೆ ಮಗಳನ್ನು ನೋಡಿ ಬರುತ್ತೇನೆ. ತೊಡೆಯ ಮೇಲೆ ಕೂರಿಸಿಕೊಂಡು, ಅವ್ವ ನೆನಪಾಗುತ್ತಾಳಾ, ನಾನು ನೆನಪಾಗುತ್ತೇನಾ ಎಂದು ಕೇಳುತ್ತೇನೆ. ಅವಳು ಅತ್ತರೆ ನನ್ನ ಎದೆ ಹಗುರಾಗುತ್ತದೆ. ಆದರೆ ನಾನು ಹೊರಟು ಬಂದ ಮೇಲೆ ಮಗು ಮೂರು ದಿನ ಅನ್ನ ಮುಟ್ಟುವುದಿಲ್ಲವಂತೆ. ಇಷ್ಟು ಪ್ರೀತಿ ಇಟ್ಟುಕೊಂಡವನಿಂದ ಅದಕ್ಕೆ ಕೇಡಾಗುವುದು ಹೇಗೆ?”

ಗುರುಗಳು ಒಂದು ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಒಬ್ಬ ಮೀನು ಸಾಕುವವನಿದ್ದ. ಅವನ ಕೊಳದಲ್ಲಿ ಒಂದು ಕಾಟ್ಲಾ ಮೀನು ಅವನ ಹೆಂಡತಿಗೆ ಬಲು ಸಲುಗೆಯಾಗಿತ್ತು. ಅವಳು ಸಂಜೆ ಕೊಳದ ಮೆಟ್ಟಿಲು ತಟ್ಟಿದರೆ ಸಾಕು, ಬಂದು ಅವಳ ಕೈಯಿಂದ ತೌಡಿನ ಉಂಡೆ ತಿಂದು ಹೋಗುತ್ತಿತ್ತು. ಹೆಂಡತಿ ಸತ್ತಳು. ಕೊಳದ ಮೀನನ್ನೆಲ್ಲ ಅವನು ಸಂತೆಗೆ ಹಾಕಿದ, ಆ ಒಂದನ್ನು ಮಾತ್ರ ಮಾರಲಿಲ್ಲ. ಅವಳ ಕೈ ಬಲ್ಲ ಜೀವ ಅದೊಂದೇ ಉಳಿದಿತ್ತು.

ಸಂಜೆಯಾದರೆ ಅವನೂ ಮೆಟ್ಟಿಲು ತಟ್ಟುತ್ತಿದ್ದ. ಮೀನು ಬರುತ್ತಿತ್ತು. ಅದು ಜಾರಬಾರದೆಂದು ಕೈಯನ್ನು ಟವೆಲಿನಲ್ಲಿ ಚೆನ್ನಾಗಿ ಒರೆಸಿಕೊಂಡು, ಎರಡೂ ಕೈಯಲ್ಲಿ ಎತ್ತಿ, ಎದೆಗೆ ಒತ್ತಿ ಹಿಡಿದು ಆಮೇಲೆ ಬಿಡುತ್ತಿದ್ದ. ಆ ಒಂದು ಗಳಿಗೆಗಾಗಿ ಅವನು ಹಗಲೆಲ್ಲ ಕಾಯುತ್ತಿದ್ದ.

ಕೆಲವು ವಾರಕ್ಕೆ ಮೀನಿನ ಮೈಮೇಲೆ ಕೆಂಪು ಹುಣ್ಣು ಎದ್ದವು. ಅವನ ಜೀವವೇ ಹಾರಿಹೋದಂತಾಯಿತು. ನೀರು ಕೆಟ್ಟಿತೆಂದು ಕೊಳಕ್ಕೆ ಸುಣ್ಣ ಹಾಕಿದ, ಹೊಸ ನೀರು ಬಿಟ್ಟ. ಮೀನನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎತ್ತಿ ಅರಿಶಿನ ಹಚ್ಚಿದ. ಹುಣ್ಣು ಆಳವಾಯಿತು. ಮೀನು ಮಗ್ಗುಲಾಗಿ ಈಜತೊಡಗಿತು.

ಕೊನೆಗೆ ಹೊಳೆಯಲ್ಲಿ ಬಲೆ ಬೀಸುವ ಒಬ್ಬ ಮುದುಕನನ್ನು ಕೈಮುಗಿದು ಕರೆತಂದ. ಮುದುಕ ನೀರಿಗೆ ಬಗ್ಗಿ ಬಹಳ ಹೊತ್ತು ನೋಡಿದ.

“ಈ ರೋಗದ ಕ್ರಿಮಿ ಹೊಳೆಯಲ್ಲೂ ಇದೆ, ನಿನ್ನ ಕೊಳದಲ್ಲೂ ಇದೆ, ಎಂದಿನಿಂದಲೂ ಇದೆ. ಮೀನಿನ ಮೈಮೇಲಿನ ಲೋಳೆ ಇರುವ ತನಕ ಅದು ಒಳಗೆ ಹೋಗಲಾರದು. ಹೊಳೆಯಲ್ಲಿ ಬಲೆಗೆ ಉಜ್ಜಿ ಲೋಳೆ ಕಳೆದುಕೊಂಡು ತಪ್ಪಿಸಿಕೊಂಡ ಮೀನಿಗೆ ಇಂಥ ಹುಣ್ಣಾಗುವುದನ್ನು ಕಂಡಿದ್ದೇನೆ. ಇದನ್ನು ಯಾವ ಬಲೆ ಉಜ್ಜಿತು? ಹುಣ್ಣು ಎಲ್ಲೆಲ್ಲಿವೆ, ನೀನೇ ಎಣಿಸು.”

ಅವನು ಎಣಿಸಿದ. ಈ ಮಗ್ಗುಲಿಗೆ ಐದು, ಆ ಮಗ್ಗುಲಿಗೆ ಐದು. ತನ್ನ ಕೈಗಳನ್ನು ನೋಡಿಕೊಂಡ.

“ನಿನ್ನ ಹೆಂಡತಿ ಇದನ್ನು ಎತ್ತುತ್ತಿದ್ದಳೇನಪ್ಪಾ?” ಎಂದು ಮುದುಕ ಕೇಳಿದ.

“ಇಲ್ಲ. ಕೈಯನ್ನು ನೀರಿನಲ್ಲಿ ಇಟ್ಟು ಕೂರುತ್ತಿದ್ದಳು, ಅಷ್ಟೇ.”

ಅಂದಿನಿಂದ ಅವನು ಮೀನನ್ನು ಮುಟ್ಟಲಿಲ್ಲ. ಸಂಜೆ ಮೆಟ್ಟಿಲು ತಟ್ಟಿ, ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ಕೂರುತ್ತಿದ್ದ. ಮೀನು ಬಂದು ಕಾಲ ಬಳಿ ಸುತ್ತುತ್ತಿತ್ತು. ಎಷ್ಟೋ ಸಲ ಬಗ್ಗಿದ, ಅಷ್ಟೇ ಸಲ ಹಿಂದೆ ಸರಿದ. ಎರಡು ತಿಂಗಳು ಹೀಗೆ ಕಳೆಯಿತು. ಹುಣ್ಣು ಒಂದೊಂದಾಗಿ ಮಾಯಿತು.

ಒಂದು ಸಂಜೆ ಅವನು ತೌಡಿನ ಉಂಡೆ ಹಿಡಿದು ಕೈಯನ್ನು ನೀರಿನಲ್ಲಿ ಇಟ್ಟ. ಮೀನು ಬಂತು, ಉಂಡೆ ತಿಂದಿತು, ತಿರುಗಿ ಆಳಕ್ಕೆ ಹೋಯಿತು. ಅದು ಹೋದ ಎಷ್ಟೋ ಹೊತ್ತಿನ ಮೇಲೂ ಅವನ ಕೈ ನೀರಿನಲ್ಲೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ತಡೆಯಲಾರದೆ ಕೇಳಿದ: “ಅಷ್ಟರಿಂದಲೇ ಅವನ ಹಂಬಲ ತೀರಿತೇ, ಗುರುಗಳೇ?”

“ತೀರಲಿಲ್ಲ, ಮೀನು ಬದುಕಿತು.”