ಹೊಗೆಯೊಳಗಿನ ಮರ

“ಗುರುಗಳೇ, ಒಂದು ವಸ್ತುವನ್ನು ಪೂರ್ತಿ ತಿಳಿದುಕೊಂಡರೆ ಅದರ ಮೇಲಿನ ಬೆರಗು ಹೋಗುತ್ತದೆಯೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಕಾಡಂಚಿನಲ್ಲಿ ಇದ್ದಿಲು ಸುಡುವ ಒಬ್ಬ ಹೆಂಗಸಿದ್ದಳು. ಒಣಗಿ ಬಿದ್ದ ಕೊಂಬೆಗಳನ್ನು ಆಯ್ದು ತಂದು, ಮಣ್ಣಿನ ಭಟ್ಟಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಸುಡುತ್ತಿದ್ದಳು. ಸುಟ್ಟರೆ ಇದ್ದಿಲು, ಉಳಿದದ್ದು ಹೊಗೆ. ಮೂವತ್ತು ವರ್ಷ ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಆ ಹೊಗೆ ಕೆಳಗಿನ ಊರಿಗೆ ಇಳಿಯುತ್ತಿತ್ತು. ಒಂದು ದಿನ ಊರ ಗೌಡ ಬಂದ. “ನನ್ನ ಮೊಮ್ಮಗಳಿಗೆ ಉಸಿರು ಸಿಗುತ್ತಿಲ್ಲ, ತಾಯಿ. ಹುಣ್ಣಿಮೆಯೊಳಗೆ ಹೊಗೆ ನಿಲ್ಲದಿದ್ದರೆ ಭಟ್ಟಿ ಕೆಡವಿಸುತ್ತೇನೆ” ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು.

ತಣಿಸಿದರೆ ಹೊಗೆ ಅಡಗೀತು ಎಂದುಕೊಂಡು ಅವಳು ಭಟ್ಟಿಯ ಬಾಯಿಗೆ ಬಿದಿರಿನ ಕೊಳವೆ ಜೋಡಿಸಿದಳು. ನಾಲ್ಕು ಕೊಳವೆ ಶಾಖಕ್ಕೆ ಸೀಳಿಹೋದವು. ಐದನೆಯದು ತಡೆಯಿತು. ಅದನ್ನು ತೊರೆಯ ನೀರಿನೊಳಗಿಂದ ಹಾಯಿಸಿ, ತುದಿಯಲ್ಲಿ ಗಡಿಗೆ ಇಟ್ಟಳು. ಹೊಗೆ ಹನಿಹನಿಯಾಗಿ ಇಳಿಯಿತು. ಗಡಿಗೆಯ ತಳದಲ್ಲಿ ಕಪ್ಪು ಅಂಟು, ಅದರ ಮೇಲೆ ಕಂದು ಬಣ್ಣದ ಹುಳಿನೀರು. ಅಂಟನ್ನು ಅಂಬಿಗನೊಬ್ಬ ಒಯ್ದು ದೋಣಿಯ ಬಿರುಕಿಗೆ ಮೆತ್ತಿದ. ದೋಣಿಯೊಳಗೆ ನೀರು ಬರುವುದು ನಿಂತಿತು. ಹುಳಿನೀರಿನಲ್ಲಿ ಬಣ್ಣಗಾರನೊಬ್ಬ ತುಕ್ಕು ಕಬ್ಬಿಣ ನೆನೆಸಿದ. ಅದರಲ್ಲಿ ಅದ್ದಿದ ಬಟ್ಟೆಗೆ ಅಳಿಯದ ಕಪ್ಪು ಹತ್ತಿತು.

ಅಷ್ಟಕ್ಕೇ ಮುಗಿಯಲಿಲ್ಲ. ನೀರಾಗದ ಏನೋ ಒಂದು ಕೊಳವೆಯ ತುದಿಯಿಂದ ಇನ್ನೂ ಸೂಸುತ್ತಿತ್ತು. ಅವಳು ಅದಕ್ಕೆ ಕೊಳ್ಳಿ ಹಿಡಿದಳು. ನೀಲಿ ಉರಿ ಎದ್ದಿತು. ಆ ಉರಿಯನ್ನು ಭಟ್ಟಿಯ ಕೆಳಕ್ಕೇ ತಿರುಗಿಸಿದಳು. ಮರ ತನ್ನ ಉಸಿರಿನಲ್ಲೇ ತಾನು ಬೇಯತೊಡಗಿತು.

ಹುಣ್ಣಿಮೆಯ ದಿನ ಗೌಡ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಹುಡುಗಿ ಹಾಯಾಗಿ ಉಸಿರಾಡುತ್ತಿದ್ದಳು. ಅವನು ಗಡಿಗೆ ನೋಡಿದ, ಉರಿ ನೋಡಿದ.

“ಇದೆಲ್ಲ ಎಲ್ಲಿತ್ತು, ತಾಯಿ?”

ಅವಳು ಒಂದು ಒಣಕೊಂಬೆ ಎತ್ತಿ ತೋರಿಸಿದಳು. “ಇದರೊಳಗೇ ಇತ್ತು, ಗೌಡರೇ. ಮೂವತ್ತು ವರ್ಷ ನಾನು ಆಕಾಶಕ್ಕೆ ಬಿಟ್ಟೆ.”

ಗುರು ನಿಲ್ಲಿಸಿದರು. ಶಿಷ್ಯ, “ಹಾಗಾದರೆ ಅವಳಿಗೆ ಮರ ಪೂರ್ತಿ ತಿಳಿದಂತಾಯಿತು. ಬೆರಗು ಹೋಯಿತೇ?” ಎಂದ.

ಗುರು ಹೇಳಿದರು: “ಮರುದಿನ ಅವಳು ಒಲೆಗೆ ಹಾಕಲೆಂದು ಒಂದು ಚಕ್ಕೆ ಕೈಗೆತ್ತಿಕೊಂಡು, ಅದನ್ನೇ ನೋಡುತ್ತಾ ಕುಳಿತುಬಿಟ್ಟಳು. ಅಂದು ಆ ಮನೆಯಲ್ಲಿ ಅಡುಗೆಯಾಗಲಿಲ್ಲ.”