ಕೊಳವೆಯಿಲ್ಲದ ಗೂಡು

ಕಡಲ ದಂಡೆಯಲ್ಲೊಂದು ಏಳು ಮಹಡಿಯ ಕಟ್ಟಡವಿತ್ತು, ಮಕ್ಕಳೇ. ತಪ್ಪಾಯಿತು, ಏಳಾಗಬೇಕಿದ್ದದ್ದು ಮೂರಕ್ಕೇ ನಿಂತಿತ್ತು. ಕಟ್ಟಲು ಬಂದವರು ಅಲ್ಲಿದ್ದ ತೆಂಗಿನ ಮರಗಳನ್ನೆಲ್ಲ ಕಡಿದರು, ಗೋಡೆ ಎಬ್ಬಿಸಿದರು, ಒಂದು ದಿನ ಹೇಳದೆ ಕೇಳದೆ ಹೊರಟೇಹೋದರು. ಮರ ಕಳೆದುಕೊಂಡ ಗೀಜಗ ಹಕ್ಕಿಗಳು ಗೋಡೆಯಿಂದ ಹೊರಚಾಚಿದ ಕಬ್ಬಿಣದ ಸರಳುಗಳಿಗೇ ಗೂಡು ನೇಯತೊಡಗಿದವು.

ಅವುಗಳಲ್ಲಿ ಹಳದಿ ತಲೆಯ ಜರಿಪೇಟ ಎಂಬ ಗಂಡು ಗೀಜಗ ಬಲು ಚುರುಕಿನ ನೇಕಾರ. ಅವನ ಗೂಡನ್ನು ತೆನೆಮ್ಮ ಎಂಬ ಹೆಣ್ಣು ಗೀಜಗ ಕೊಕ್ಕಿನಿಂದ ಎಳೆದೆಳೆದು ನೋಡಿದಳು. ಗಟ್ಟಿಯಾಗಿತ್ತು. ಆದರೆ ಬಾಗಿಲಾಗಿ ಕೆಳಗೆ ಇಳಿಬಿಡುವ ಉದ್ದನೆಯ ಕೊಳವೆ ಇರಲಿಲ್ಲ. ಅದಿದ್ದರೆ ತಾನೇ ಕಾಗೆಯ ಕೊಕ್ಕು ಒಳಗೆ ಬಾರದು!

"ಕೊಳವೆ ಎಲ್ಲಿ?" ಎಂದು ಕೇಳಿದಳು.

"ನಾಳೆಯೇ ನೇಯುತ್ತೇನೆ ಕಣೇ. ನೀನು ನಿಶ್ಚಿಂತೆಯಿಂದ ಮೊಟ್ಟೆ ಇಡು."

ತೆನೆಮ್ಮ ನಂಬಿ ಮೂರು ಮೊಟ್ಟೆ ಇಟ್ಟಳು. ಜರಿಪೇಟ ಹುಲ್ಲಿನೆಳೆ ತಂದದ್ದೇನೋ ನಿಜ, ಆದರೆ ಆಚೆಯ ಸರಳಿಗೆ. ಅಲ್ಲಿಂದ ಕಡಲು ಚೆನ್ನಾಗಿ ಕಾಣುತ್ತದಂತೆ! ಅದು ಅರ್ಧವಾಗುತ್ತಲೇ ಇನ್ನೊಂದು, ಮತ್ತೊಂದು. ವಾರ ಕಳೆಯುವುದರಲ್ಲಿ ಐದು ಗೂಡಾಯಿತು, ಒಂದಕ್ಕೂ ಕೊಳವೆಯಿಲ್ಲ.

"ರೀ, ಇದೊಂದನ್ನು ಮುಗಿಸಿಬಿಡಿ."

"ಮುಗಿಸುವುದೇನು ಮಹಾ! ಈ ಕಟ್ಟಡ ನೋಡು, ಶುರು ಮಾಡಿದ್ದಕ್ಕೇ ಎಷ್ಟು ದೊಡ್ಡದಾಗಿ ಕಾಣುತ್ತದೆ."

"ಅದರೊಳಗೆ ಯಾರಿದ್ದಾರೆ ರೀ?" ಎಂದಳು ತೆನೆಮ್ಮ. ಅವನು ಆಗಲೇ ಹಾರಿಹೋಗಿದ್ದ.

ಅಷ್ಟರಲ್ಲಿ ಕಾಗೆಯೊಂದು ಪಕ್ಕದ ಸರಳಿನ ಮೇಲೆ ಬಂದು ಕೂತಿತು. "ಏನು ತೆನೆಮ್ಮಾ, ಇನ್ನೂ ಬಾಗಿಲು ಇಡಿಸಿಲ್ಲವೇ?" ಎಂದು ನಯವಾಗಿ ವಿಚಾರಿಸಿತು.

ಅಂದು ಇಡೀ ದಿನ ತೆನೆಮ್ಮ ಮೊಟ್ಟೆ ಬಿಟ್ಟು ಕದಲಲಿಲ್ಲ. ಕಾಗೆಯೂ ಕದಲಲಿಲ್ಲ. ಮರುದಿನ ಬೆಳಿಗ್ಗೆ ಹಸಿವಿಗೆ ಕಣ್ಣು ಕತ್ತಲೆಗಟ್ಟಿದಾಗ ಅವಳು ಜರಿಪೇಟನನ್ನು ಕೂಗಿ ಕರೆದಳು.

"ನಾಲ್ಕು ಕಾಳು ತಿಂದು ಬರುತ್ತೇನೆ. ಅಲ್ಲಿಯವರೆಗೆ ಇಲ್ಲೇ ಕಾವಲಿರಿ. ನಿಮ್ಮ ಕಾಲಿಗೆ ಬೀಳುತ್ತೇನೆ."

"ಹೋಗಿ ಬಾರೇ. ನಾನಿರುವಾಗ ಏನು ಭಯ?" ಎಂದ ಜರಿಪೇಟ.

ಮೂರನೆಯ ಕಾಳು ಹೆಕ್ಕುವಾಗ ತೆನೆಮ್ಮ ತಲೆಯೆತ್ತಿ ನೋಡಿದಳು. ಜರಿಪೇಟ ಅಷ್ಟು ದೂರದ ಸರಳಿನಲ್ಲಿ ಆರನೆಯ ಗೂಡಿಗೆ ಗಂಟು ಹಾಕುತ್ತಿದ್ದ! ಪುಣ್ಯಾತ್ಮ ಕಾವಲನ್ನೂ ಅರ್ಧಕ್ಕೇ ಬಿಟ್ಟಿದ್ದ. ಅವಳು ಕಿರುಚುತ್ತಾ, ರೆಕ್ಕೆ ಬಿದ್ದುಹೋಗುವ ಹಾಗೆ ಹಾರಿದಳು. ಗೂಡು ಮುಟ್ಟುವಾಗ ಕಾಗೆ ಸರಳಿಗೆ ಕೊಕ್ಕು ಒರೆಸಿಕೊಳ್ಳುತ್ತಿತ್ತು. ಒಳಗೆ ಒಂದು ಮೊಟ್ಟೆಯೂ ಉಳಿದಿರಲಿಲ್ಲ.

ಜರಿಪೇಟ ಹಸಿರು ಎಳೆಯೊಂದನ್ನು ಕಚ್ಚಿಕೊಂಡು ಓಡೋಡಿ ಬಂದ. "ಅಳಬೇಡವೇ. ನೋಡು, ಎಷ್ಟು ಉದ್ದದ ಎಳೆ! ಕೊಳವೆ ಈಗಲೇ ನೇಯುತ್ತೇನೆ."

"ಯಾರಿಗೆ?" ಎಂದಳು ತೆನೆಮ್ಮ. ಮತ್ತೆ ತಿರುಗಿ ನೋಡದೆ ಹಾರಿಹೋದಳು.

ನೀತಿ: ಅರ್ಧಕ್ಕೆ ಬಿಟ್ಟ ಕೆಲಸದ ಪೆಟ್ಟು ಬೀಳುವುದು ಬಿಟ್ಟವರಿಗಲ್ಲ, ಅವರನ್ನು ನಂಬಿದವರಿಗೆ.